ಮಗ್ಗ ನೋಡಬ್ಯಾಡ, ಲೈನ್ ನೋಡು

ನುಡಿ ತಂತ್ರಾಂಶದಲ್ಲಿ ಕನ್ನಡ ಹೊಡೆಯುವವರಿಗೆ ಎಫ್ ಕೀ ಅಂದರೆ ಒತ್ತಕ್ಷರ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲಿ ಒಂದು ವ್ಯಂಜನಕ್ಕೆ ಇನ್ನೊಂದನ್ನು ಕೂಡಿಸುವ ಕೆಲಸವೆಲ್ಲ ಆ ಒಂದೇ ಕೀಗೆ ಬಿದ್ದಿದೆ. ಅದು ಕೆಟ್ಟರೆ ಬನಹಟ್ಟಿ ‘ಬನಹಟಟಿ’ಯಾಗುತ್ತದೆ, ಸಿದ್ದಪ್ಪ ‘ಸಿದದಪಪ’ನಾಗುತ್ತಾನೆ, ಅಪ್ಪ-ಅಮ್ಮ ಇಬ್ಬರೂ ಗುರುತು ಸಿಗದಂತಾಗುತ್ತಾರೆ.

ಇದನ್ನು ನಾನು ಮೊದಲು ಕಂಡದ್ದು ರಬಕವಿಯ ಒಂದು ಲಗ್ನಪತ್ರಿಕೆ ಅಂಗಡಿಯಲ್ಲಿ, 2011ರ ವೈಶಾಖದಲ್ಲಿ. ಜಮಖಂಡಿಯಲ್ಲಿ ನಾನು ರಿಪೇರಿ ಅಂಗಡಿ ಹಾಕಿ ಬಹಳ ದಿನವಾಗಿರಲಿಲ್ಲ. ಲಗ್ನಸರಾಯಿ ಜೋರು. ಅಂಗಡಿಯ ಹುಡುಗ ಹಳೆಯ ಪತ್ರಿಕೆಗಳ ಫೈಲ್ ತೆರೆದಿಟ್ಟುಕೊಂಡು, ಅದರೊಳಗಿನ ಒತ್ತುಗಳನ್ನು ಒಂದೊಂದಾಗಿ ಕಾಪಿ ಮಾಡಿ ತಂದು ಹೊಸ ಹೆಸರುಗಳಿಗೆ ಅಂಟಿಸುತ್ತಿದ್ದ. ಒಂದು ಪತ್ರಿಕೆಗೆ ಅರ್ಧ ದಿನ.

“ಇದೊಂದ ಹೋಗೇತೋ, ಬ್ಯಾರೇನೂ ಹೋಗ್ಯಾವೋ?” ಎಂದು ಕೇಳಿದೆ.

“ಇನ್ನೂ ಮೂರು ಬರವಲ್ವ್ರಿ ಅಣ್ಣಾರ. ಅವು ನನಗ ಅಷ್ಟ ಬೇಕಾಗೂದಿಲ್ಲ, ಅದಕ ಹೇಳಲಿಲ್ಲ.”

ಅವನಿಗೆ ಬೇಡವಾಗಿದ್ದ ಆ ಮೂರು ಕೀಗಳೇ ನನಗೆ ಬೇಕಾಗಿದ್ದವು. ಲ್ಯಾಪ್‌ಟಾಪ್ ಕೀಬೋರ್ಡಿನ ಒಳಗೆ ಕೀಗೊಂದು ತಂತಿ ಇರುವುದಿಲ್ಲ. ತೆಳ್ಳಗಿನ ಪ್ಲಾಸ್ಟಿಕ್ ಹಾಳೆಗಳು ಮೂರು ಪದರಾಗಿ ಇರುತ್ತವೆ. ಮೇಲಿನದಕ್ಕೂ ಕೆಳಗಿನದಕ್ಕೂ ವಿದ್ಯುತ್ ಹರಿಯುವ ಶಾಯಿಯಲ್ಲಿ ಗೆರೆ ಮುದ್ರಿಸಿರುತ್ತಾರೆ, ನಡುವಿನ ಹಾಳೆಯಲ್ಲಿ ಕೀ ಇರುವ ಕಡೆ ತೂತು. ಒತ್ತಿದಾಗ ಆ ತೂತಿನ ಮೂಲಕ ಮೇಲಿನ ಗೆರೆ ಕೆಳಗಿನ ಗೆರೆಯನ್ನು ಮುಟ್ಟುತ್ತದೆ. ಉದ್ದದ ಗೆರೆ ಹಾಸು, ಅಡ್ಡದ ಗೆರೆ ಹೊಕ್ಕು; ಯಾವ ಎಳೆ ಯಾವ ಎಳೆಯನ್ನು ಎಲ್ಲಿ ದಾಟಿತು ಎಂಬುದರ ಮೇಲೆ ಅಕ್ಷರ ಯಾವುದು ಎಂದು ಒಳಗಿನ ಚಿಪ್ ತೀರ್ಮಾನಿಸುತ್ತದೆ. ಹೀಗೆ ನೂರರ ಹತ್ತಿರದ ಕೀಗಳನ್ನು ಇಪ್ಪತ್ತೈದು-ಮೂವತ್ತು ಗೆರೆಗಳಲ್ಲಿ ಮುಗಿಸುತ್ತಾರೆ. ಒಂದು ಗೆರೆ ಕಡಿದರೆ ಅದರ ಮೇಲಿನ ಕೀಗಳೆಲ್ಲ ಒಟ್ಟಿಗೆ ಸುಮ್ಮನಾಗುತ್ತವೆ. ಒಂದೇ ಕೀ ಸತ್ತಿದ್ದರೆ ಆ ಕೀಯ ಕೆಳಗೆ ಹುಡುಕಬೇಕು. ನಾಲ್ಕು ಸತ್ತಿದ್ದರೆ ಆ ನಾಲ್ಕನ್ನು ಬಿಟ್ಟು ಅವು ಕೂಡುವ ಜಾಗಕ್ಕೆ ಹೋಗಬೇಕು. ಹೋದೆ. ಕೀಬೋರ್ಡಿನಿಂದ ಮದರ್‌ಬೋರ್ಡಿಗೆ ಇಳಿಯುವ ಪಟ್ಟಿ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಜಾರಿತ್ತು, ತುದಿ ಕಪ್ಪಾಗಿತ್ತು. ಶಾಲೆಯ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ನೆಟ್ಟಗೆ ಕೂಡಿಸಿ, ಕ್ಲಿಪ್ ಹಾಕಿದೆ. ಹುಡುಗ ಮೊದಲು ಹೊಡೆದದ್ದು ವರನ ಹೆಸರು. ಒತ್ತು ಬಿತ್ತು.

ಈ ರೀತಿ ಹುಡುಕುವುದನ್ನು ನಾನು ಯಾವ ಕೋರ್ಸಿನಲ್ಲೂ ಕಲಿಯಲಿಲ್ಲ. ನನ್ನಪ್ಪ ಬನಹಟ್ಟಿಯಲ್ಲಿ ಪವರ್‌ಲೂಮ್ ಮೇಸ್ತ್ರಿ. ನಮ್ಮ ಓಣಿಯಲ್ಲಿ ಮಗ್ಗದ ಕಟಕಟ ಕೇಳದೆ ಕೂಸುಗಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಮಗ್ಗ ನಿಂತಿತೆಂದು ಯಾರಾದರೂ ಕರೆದರೆ ಅಪ್ಪ ಹೋಗಿ ಮೊದಲು ಸುಮ್ಮನೆ ನಿಲ್ಲುತ್ತಿದ್ದರು. ಪಾನಾ ಕೈಗೆ ತಗೊಳ್ಳುತ್ತಿರಲಿಲ್ಲ. ಹೊಕ್ಕಿನ ಎಳೆ ಹರಿದರೆ ಮಗ್ಗ ತಾನಾಗಿ ನಿಲ್ಲುವಂತೆ ಅದರಲ್ಲೇ ಒಂದು ಮುಳ್ಳು ಇರುತ್ತದೆ. ಅದು ಬಿದ್ದದ್ದರಿಂದ ನಿಂತಿತೋ, ಬೀಳದೆ ನಿಂತಿತೋ ಎಂದು ನೋಡುತ್ತಿದ್ದರು. ಆಮೇಲೆ ಪಕ್ಕದ ಮಗ್ಗದ ಕಡೆ ಕಣ್ಣು. ಅವರು ಪದೇ ಪದೇ ಹೇಳುತ್ತಿದ್ದ ಮಾತು ಒಂದೇ:

“ಒಂದು ನಿಂತ್ರ ಮಗ್ಗ ನೋಡು. ಎರಡು ಒಮ್ಮೆಲೇ ನಿಂತ್ರ ಮಗ್ಗ ನೋಡಬ್ಯಾಡ, ಲೈನ್ ನೋಡು.”

ನನ್ನ ಅಂಗಡಿಗೆ ಬರುವವರಲ್ಲಿ ಬಹಳ ಮಂದಿಯ ತಕರಾರು ಇದೇ ಆಗಿತ್ತು: “ಕೀಬೋರ್ಡೂ ಬರವಲ್ದು, ಮೌಸ್ ಪಟ್ಟೀನೂ ನಡ್ಯವಲ್ದು.” ಎರಡೂ ಹೋಗಿವೆ, ಎರಡನ್ನೂ ಬದಲಿಸಬೇಕು ಎಂದು ಬೇರೆಡೆ ಲೆಕ್ಕ ಹಾಕಿಸಿಕೊಂಡು ಬಂದವರೇ ಹೆಚ್ಚು. ಆದರೆ ಕೀಬೋರ್ಡ್ ಬೇರೆ ಸಾಮಾನು, ಟಚ್‌ಪ್ಯಾಡ್ ಬೇರೆ ಸಾಮಾನು. ಒಂದರ ಪಟ್ಟಿ ಬೇರೆ, ಇನ್ನೊಂದರದು ಬೇರೆ. ಇವೆರಡೂ ತಂತಮ್ಮ ಆಯುಷ್ಯ ಮುಗಿಸಿಕೊಂಡು ಒಂದೇ ದಿನ ಸಾಯುವುದು ಅಪರೂಪ. ಎರಡೂ ಒಟ್ಟಿಗೆ ನಿಂತಿವೆ ಅಂದರೆ ಕೆಟ್ಟದ್ದು ಎರಡಕ್ಕೂ ಸೇರಿದ ಮೂರನೆಯದು ಯಾವುದೋ. ಆ ಮೂರನೆಯದನ್ನು ಹುಡುಕುವುದರಲ್ಲೇ ನನ್ನ ವಯಸ್ಸಿನ ಒಂದು ಭಾಗ ಹೋಗಿದೆ, ಮತ್ತು ಆ ಹುಡುಕಾಟ ನನಗೆ ಇವತ್ತಿಗೂ ಪ್ರೀತಿಯ ಕೆಲಸ.

ಬನಹಟ್ಟಿಯ ಒಂದು ಮನೆಯ ನೆನಪು ಇದರಲ್ಲಿ ಎಲ್ಲಕ್ಕಿಂತ ಗಟ್ಟಿ. ಕೆಳಗೆ ನಾಲ್ಕು ಮಗ್ಗ, ಮೇಲೆ ಸಂಸಾರ. ಮಗಳು ಇಂಜಿನಿಯರಿಂಗ್ ಓದುತ್ತಿದ್ದಳು. “ಕಾಕಾ, ಬಾಣ ತನ್ನಷ್ಟಕ್ಕ ತಾನ ಓಡ್ಯಾಡತೈತಿ, ನಾ ಕೈ ಇಟ್ಟಲ್ಲೆ ಬರೂದಿಲ್ಲ” ಅಂದಳು. ವೈರಸ್ ಎಂದು ಅದನ್ನು ಎರಡು ಕಡೆ ಫಾರ್ಮ್ಯಾಟ್ ಮಾಡಿಸಿದ್ದರು. ಟಚ್‌ಪ್ಯಾಡನ್ನೂ ಹೊಸದು ಹಾಕಿಸಿದ್ದರು. ನಾನು ಹೋದ ದಿನ ಅಪ್ಪನೂ ಜೊತೆಗಿದ್ದರು. ಆ ಮನೆಯ ಯಜಮಾನರು ಅವರ ಹಳೆಯ ಗೆಳೆಯರು.

ಚಾರ್ಜರ್ ಕಿತ್ತೆ. ಬಾಣ ಶಾಂತವಾಯಿತು. ಹಚ್ಚಿದೆ. ಮತ್ತೆ ಕುಣಿಯಲು ಹತ್ತಿತು. ಲ್ಯಾಪ್‌ಟಾಪಿನ ಮೈ ಲೋಹದ್ದು. ಅದರ ಮೇಲೆ ಬೆರಳ ಹಿಂಬದಿಯನ್ನು ಆಡಿಸಿದರೆ ಸಣ್ಣಗೆ ಜುಂ ಅನ್ನುತ್ತಿತ್ತು. ಟಚ್‌ಪ್ಯಾಡ್ ಕೆಲಸ ಮಾಡುವುದು ಒತ್ತಡದಿಂದಲ್ಲ. ಬೆರಳು ಹತ್ತಿರ ಬಂದಾಗ ಅದರ ಗಾಜಿನ ಕೆಳಗಿನ ಜಾಲದಲ್ಲಿ ವಿದ್ಯುತ್ ಹಿಡಿದಿಟ್ಟುಕೊಳ್ಳುವ ಪ್ರಮಾಣ ಕಾಣದಷ್ಟು ಬದಲಾಗುತ್ತದೆ; ಆ ಬದಲಾವಣೆಯನ್ನು ಅಳೆದು ಬೆರಳು ಎಲ್ಲಿದೆ ಎಂದು ಅದು ತಿಳಿಯುತ್ತದೆ. ಚಾರ್ಜರಿನೊಳಗೆ ಗದ್ದಲ ತಡೆಯಲು ಸಣ್ಣ ಕೆಪಾಸಿಟರುಗಳಿರುತ್ತವೆ. ಅರ್ಥಿಂಗ್ ಸರಿ ಇದ್ದರೆ ಅವು ಆ ಗದ್ದಲವನ್ನು ನೆಲಕ್ಕೆ ಇಳಿಸುತ್ತವೆ. ಅರ್ಥಿಂಗ್ ಇಲ್ಲದಿದ್ದರೆ ಅದೇ ಗದ್ದಲ ಲ್ಯಾಪ್‌ಟಾಪಿನ ಮೈಮೇಲೆ ತೇಲುತ್ತದೆ, ಟಚ್‌ಪ್ಯಾಡಿಗೆ ನಿಜವಾದ ಬೆರಳು ಯಾವುದು ಎಂದು ತಿಳಿಯದಾಗುತ್ತದೆ. ಕೆಳಗೆ ನಾಲ್ಕು ಮೋಟರು ತಿರುಗುತ್ತಿರುವ ಮನೆಯಲ್ಲಿ ಆ ಗದ್ದಲಕ್ಕೆ ಬರವೇ?

ನಾನು ಇಷ್ಟನ್ನು ವಿವರಿಸಿ ಮುಗಿಸುವ ಹೊತ್ತಿಗೆ ಅಪ್ಪ ಮೇಲೆ ಇರಲಿಲ್ಲ. ಕೆಳಗಿಳಿದು ಹೋಗಿ ಮಗ್ಗದ ಚೌಕಟ್ಟಿಗೆ ಟೆಸ್ಟರ್ ಹಿಡಿದು ನಿಂತಿದ್ದರು. ಟೆಸ್ಟರಿನ ದೀಪ ಹತ್ತಿತ್ತು.

“ಇಲ್ಲೆ ಹೆಣ್ಣಮಕ್ಕಳು ಬರಿಗಾಲಾಗ ನಿಂತು ಕಂಡಿಕಿ ಹಾಕ್ತಾರ,” ಅಂದರು ಗೆಳೆಯನಿಗೆ. ಮತ್ತೇನೂ ಅನ್ನಲಿಲ್ಲ.

ಹಿತ್ತಲಿನ ಅರ್ಥ್ ಗುಂಡಿಯ ಮೇಲೆ ಯಾವಾಗಲೋ ಫರಸಿ ಹಾಕಿ ಕಟ್ಟೆ ಮಾಡಿದ್ದರು. ಕೆಳಗಿನ ತಂತಿ ತುಕ್ಕು ಹಿಡಿದು ಪ್ಲೇಟಿನಿಂದ ಬಿಟ್ಟುಹೋಗಿತ್ತು. ಸಾಲದ್ದಕ್ಕೆ ಚಾರ್ಜರಿನ ಮೂರನೇ ಪಿನ್ನು ಮುರಿದು ಎರಡು ತೂತಿನ ಬೋರ್ಡಿಗೆ ಚುಚ್ಚಿದ್ದರು. ಅವತ್ತೇ ಗುಂಡಿ ತೆಗೆಸಿದೆವು. ಹೊಸ ಪ್ಲೇಟು, ಇದ್ದಿಲು, ಉಪ್ಪು, ಮೇಲೆ ನೀರು ಹೊಯ್ಯಲು ಪೈಪು. ಮಗ್ಗಗಳಿಗೂ ಮೇಲಿನ ಮನೆಗೂ ಸರಿಯಾಗಿ ಅರ್ಥ್ ಎಳೆಸಿದರು. ಮಗಳ ಬಾಣ ಅವಳ ಬೆರಳ ಮಾತು ಕೇಳಲು ಶುರುಮಾಡಿತು. ಆ ಮನೆಯಲ್ಲಿ ಕೂಲಿಗೆ ಬರುತ್ತಿದ್ದ ಹೆಂಗಸರಿಗೆ ಈ ಸಂಗತಿ ಎಷ್ಟು ತಿಳಿಯಿತೋ, ನಾನು ಕೇಳಲಿಲ್ಲ. ಟಚ್‌ಪ್ಯಾಡ್ ಚಾರ್ಜಿಂಗಿನಲ್ಲಿ ಮಾತ್ರ ಹುಚ್ಚಾಟ ಆಡುತ್ತದೆ ಎಂದು ನಮ್ಮ ಕಡೆಯ ಯಾರು ಹೇಳಿದರೂ ಅಂದಿನಿಂದ ನನ್ನ ಮೊದಲ ಪ್ರಶ್ನೆ ಲ್ಯಾಪ್‌ಟಾಪಿನ ಬಗ್ಗೆ ಅಲ್ಲ: ಮನೆಯಲ್ಲಿ ಮಗ್ಗ ಇದೆಯೇ, ಅರ್ಥ್ ಯಾವಾಗ ನೋಡಿಸಿದಿರಿ?

ಬನಹಟ್ಟಿಯ ಯಂತ್ರಗಳಿಗೆ ಇನ್ನೊಂದು ಕಾಟ ನೂಲಿನ ತುಪ್ಪಳ. ಅದು ಕೀಗಳ ಸಂದಿಯಲ್ಲಿ ಇಳಿದು ಒಳಗೆ ಹಾಸಿಗೆಯಂತೆ ಕೂಡುತ್ತದೆ. ಫ್ಯಾನಿಗೆ ಸುತ್ತಿಕೊಂಡರೆ ಯಂತ್ರ ಕಾಯುತ್ತದೆ. ಇದು ನಮ್ಮ ಊರಿನ ಬಡ ಯಂತ್ರಗಳ ಪಾಡು ಮಾತ್ರ ಎಂದುಕೊಂಡಿದ್ದೆ. ಆದರೆ ಆಪಲ್ ಕಂಪನಿ 2015ರಲ್ಲಿ ತಂದ ತೆಳು ‘ಬಟರ್‌ಫ್ಲೈ’ ಕೀಬೋರ್ಡು ಧೂಳಿನ ಕಣಕ್ಕೇ ಸಿಕ್ಕಿಬೀಳುತ್ತದೆ ಎಂದು ಗಿರಾಕಿಗಳು ಅಮೆರಿಕದಲ್ಲಿ ಕೋರ್ಟಿಗೆ ಹೋದರು. 2018ರಲ್ಲಿ ಕಂಪನಿ ಅವನ್ನು ಪುಕ್ಕಟೆ ರಿಪೇರಿ ಮಾಡಿಕೊಡುವ ಯೋಜನೆ ಮಾಡಬೇಕಾಯಿತು. ಲಕ್ಷಾಂತರ ರೂಪಾಯಿಯ ಯಂತ್ರಕ್ಕೂ ಧೂಳು ಧೂಳೇ.

ಮುಧೋಳದ ತೊಂದರೆ ಬೇರೆ ಜಾತಿಯದು. ರನ್ನನ ಊರು ಈಗ ಸಕ್ಕರೆಯ ಊರು. ಕಬ್ಬಿನ ಹಂಗಾಮು ಶುರುವಾದರೆ ರಸ್ತೆಯ ತುಂಬ ಟ್ರ್ಯಾಕ್ಟರು, ತೂಕದ ಕಾಟಾ ಇದ್ದಲ್ಲೆಲ್ಲ ರಾತ್ರಿಹಗಲು ಕಂಪ್ಯೂಟರು, ಪಕ್ಕದಲ್ಲಿ ಚಹಾ. ನಮ್ಮ ಕಡೆಯ ಚಹಾದಲ್ಲಿ ಸಕ್ಕರೆ ಎಷ್ಟಿರುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಬರೀ ನೀರು ಬಿದ್ದರೆ, ತಕ್ಷಣ ಚಾರ್ಜರ್ ಕಿತ್ತು, ಬಂದ್ ಮಾಡಿ, ಮಗುಚಿ ಇಟ್ಟರೆ, ಉಳಿಯುವ ಭರವಸೆ ಇದೆ. ಚಹಾ ಹಾಗಲ್ಲ. ನೀರಿನಂಶ ಆರಿದ ಮೇಲೂ ಹಾಲು-ಸಕ್ಕರೆಯ ಅಂಟು ಹಾಳೆಗಳ ನಡುವೆ ಉಳಿಯುತ್ತದೆ, ಗಾಳಿಯ ತೇವ ಎಳೆದುಕೊಂಡು ಗೆರೆಯಿಂದ ಗೆರೆಗೆ ವಿದ್ಯುತ್ ದಾಟಿಸುತ್ತದೆ. ಒಂದು ಒತ್ತಿದರೆ ಮೂರು ಅಕ್ಷರ ಬೀಳುತ್ತವೆ, ಇಲ್ಲವೇ ಒಂದು ಕೀ ಸದಾ ಒತ್ತಿದಂತೆಯೇ ಇರುತ್ತದೆ. ಹಾಗೆ ಒಂದು ಕೀ ಅಂಟಿಕೊಂಡರೆ ಉಳಿದವೆಲ್ಲ ಸತ್ತಂತೆ ಕಾಣುವುದೂ ಉಂಟು. ಒಂದು ಕಾಟಾದ ಹುಡುಗ ತನ್ನ ಲ್ಯಾಪ್‌ಟಾಪನ್ನು ಅಕ್ಕಿಯ ಚೀಲದಲ್ಲಿ ಹುಗಿದು ತಂದಿದ್ದ. ಅಕ್ಕಿಗೆ ಸಕ್ಕರೆ ತೆಗೆಯಲು ಬರುವುದಿಲ್ಲ, ಅದರ ಹಿಟ್ಟು ಒಳಹೋಗುವುದಷ್ಟೇ ಲಾಭ. ಬೋರ್ಡ್ ಬಿಚ್ಚಿ, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಬ್ರಷ್ ಹಾಕಿ ತೊಳೆಯಬೇಕು. ಕೀಬೋರ್ಡ್ ಹಾಳೆಯೊಳಗೆ ಚಹಾ ಇಳಿದಿದ್ದರೆ ಬದಲಿಸುವುದೇ ದಾರಿ.

ಬದಲಿಸುವ ಮಾತು ಬಂದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮೊದಲಿನ ಲ್ಯಾಪ್‌ಟಾಪುಗಳಲ್ಲಿ ತಳದ ಒಂದೆರಡು ಸ್ಕ್ರೂ ತೆಗೆದು, ಮೇಲಿನ ಕ್ಲಿಪ್ ಸರಿಸಿದರೆ ಕೀಬೋರ್ಡ್ ಕೈಗೆ ಬರುತ್ತಿತ್ತು. ಈಗ ಬಹಳಷ್ಟರಲ್ಲಿ ಅದನ್ನು ಮೇಲಿನ ಕವಚಕ್ಕೆ ಪ್ಲಾಸ್ಟಿಕ್ ಕಾಯಿಸಿ ಹತ್ತಾರು ಕಡೆ ಅಂಟಿಸಿಬಿಟ್ಟಿರುತ್ತಾರೆ. ಅದಕ್ಕೆ ಕೈ ಹಾಕಬೇಕಾದರೆ ಬ್ಯಾಟರಿ, ಫ್ಯಾನು, ಮದರ್‌ಬೋರ್ಡು ಎಲ್ಲ ಬಿಚ್ಚಿ ಹೊರಗಿಡಬೇಕು. ಕೀಬೋರ್ಡಿಗೆ ಬದಲು ಇಡೀ ಕವಚವನ್ನೇ ಕೊಳ್ಳಿರಿ ಎನ್ನುತ್ತಾರೆ. ತೂಕದ ಕಾಟಾದಲ್ಲಿ ದುಡಿಯುವ ಹುಡುಗನಿಗೆ ಅದು ತಿಂಗಳ ಪಗಾರದ ಮಾತು. ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ‘ರಿಪೇರಿಯ ಹಕ್ಕು’ ಕುರಿತು ಸಮಿತಿ ಮಾಡಿತು, ಅದೇ ವರ್ಷದ ಕೊನೆಗೆ ಅದಕ್ಕೊಂದು ಪೋರ್ಟಲ್ ಕೂಡ ಬಂತು. ಒಳ್ಳೆಯದೇ. ಆದರೆ ನನ್ನ ಟೇಬಲ್ಲಿನ ಮೇಲೆ ಹಕ್ಕು ಅಂದರೆ ಒಂದು ಸ್ಕ್ರೂ. ಅಂಟಿಸಿದ ಕಡೆ ಸ್ಕ್ರೂ ಹಾಕಿದ್ದರೆ ಸಾಕಿತ್ತು.

ಏನೂ ಕೆಡದೆಯೇ ಕೀಬೋರ್ಡ್, ಟಚ್‌ಪ್ಯಾಡ್ ಎರಡೂ ನಿಲ್ಲುವುದುಂಟು. ಮುಧೋಳದ ಒಬ್ಬ ಕಾಲೇಜು ಮೇಡಂ ಅವರ ಲ್ಯಾಪ್‌ಟಾಪಿನಲ್ಲಿ ಟಚ್‌ಪ್ಯಾಡ್ ಸತ್ತಿತ್ತು, ಕೀಬೋರ್ಡ್ ಒತ್ತಿದರೆ ಅಕ್ಷರ ಬರುತ್ತಿರಲಿಲ್ಲ. ಮದರ್‌ಬೋರ್ಡ್ ಹೋಗಿದೆ ಎಂದು ಯಾರೋ ಹೇಳಿ ಕಳಿಸಿದ್ದರಂತೆ. ಪಾಪ, ಕಣ್ಣಲ್ಲಿ ನೀರು ತಂದುಕೊಂಡಿದ್ದರು. ಪಕ್ಕದ ತೂತಿನಲ್ಲಿ ವೈರ್‌ಲೆಸ್ ಮೌಸಿನ ಬೀಜದಷ್ಟು ರಿಸೀವರ್ ಚುಚ್ಚಿಕೊಂಡೇ ಇತ್ತು. ಮೌಸ್ ಮನೆಯಲ್ಲಿ. ಹೊರಗಿನ ಮೌಸ್ ಇದ್ದಾಗ ಟಚ್‌ಪ್ಯಾಡ್ ಬಂದ್ ಇರಲಿ ಎಂಬ ಒಂದು ಸೆಟ್ಟಿಂಗ್ ಇರುತ್ತದೆ, ಅದು ಆನ್ ಆಗಿತ್ತು. ಕೀಬೋರ್ಡಿನದು ಇನ್ನೂ ವಿಚಿತ್ರ. ವಿಂಡೋಸಿನಲ್ಲಿ ಬಲಗಡೆಯ ಶಿಫ್ಟ್ ಕೀಯನ್ನು ಎಂಟು ಸೆಕೆಂಡ್ ಒತ್ತಿ ಹಿಡಿದರೆ ‘ಫಿಲ್ಟರ್ ಕೀಸ್’ ಬೇಕೇ ಎಂದು ಕೇಳುತ್ತದೆ. ನೋಡದೆ ಎಂಟರ್ ಹೊಡೆದರೆ ಶುರುವಾಗುತ್ತದೆ. ಕೈ ನಡುಗುವವರಿಗೆ ಅನುಕೂಲವಾಗಲೆಂದು ಮಾಡಿದ್ದು ಅದು: ಥಟ್ಟನೆ ಒತ್ತಿ ಬಿಟ್ಟ ಕೀಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ವೇಗವಾಗಿ ಹೊಡೆಯುವವರಿಗೆ ಕೀಬೋರ್ಡೇ ಸತ್ತಂತೆ ಕಾಣುತ್ತದೆ. ಮೇಡಂ ಪುಸ್ತಕ ನೋಡುತ್ತಾ ಅಂಗೈ ಊರಿ ಕೂತಿದ್ದಾಗ ಆಗಿರಬೇಕು. ಅದೇ ಶಿಫ್ಟನ್ನು ಮತ್ತೆ ಎಂಟು ಸೆಕೆಂಡ್ ಹಿಡಿದೆ, ರಿಸೀವರ್ ಕಿತ್ತು ಅವರ ಕೈಗೆ ಕೊಟ್ಟೆ. ಅವರ ಮುಖ ಅರಳಿದ್ದು ಕಣ್ಣಿಗೆ ಕಟ್ಟಿದಂತಿದೆ.

2019ರ ಆಗಸ್ಟಿನ ನೆರೆಯನ್ನು ನಮ್ಮ ಭಾಗದ ಯಾರೂ ಮರೆತಿಲ್ಲ. ಮಹಾರಾಷ್ಟ್ರದ ಘಟ್ಟದಲ್ಲಿ ಬಿದ್ದ ಮಳೆಗೆ ಕೃಷ್ಣೆ ತುಂಬಿ ಬಂದಳು, ಹಿಡಕಲ್ ಜಲಾಶಯದಿಂದ ಬಿಟ್ಟ ನೀರು ಘಟಪ್ರಭೆಯಲ್ಲಿ ಮುಧೋಳದ ಕಡೆ ನುಗ್ಗಿತು. ಮುತ್ತೂರು, ತುಬಚಿ, ಶೂರ್ಪಾಲಿ, ಅತ್ತ ಢವಳೇಶ್ವರ, ನಂದಗಾಂವ — ನದಿದಂಡೆಯ ಊರಿನ ಮಂದಿ ದನಕರು ಹೊಡೆದುಕೊಂಡು ಎತ್ತರದ ಜಾಗಕ್ಕೆ ಬಂದರು. ಕಾಳಜಿ ಕೇಂದ್ರಗಳಿಗೆ ರೊಟ್ಟಿ ಕಟ್ಟಿಕೊಂಡು ಹೋಗುತ್ತಿದ್ದಾಗ ಲ್ಯಾಪ್‌ಟಾಪಿನ ವಿಚಾರ ಯಾರ ತಲೆಯಲ್ಲೂ ಇರಲಿಲ್ಲ. ನೀರು ಇಳಿದ ಮೇಲೆ ಒಂದೊಂದೇ ಬರತೊಡಗಿದವು. ಸರಕಾರ ಕಾಲೇಜು ಹುಡುಗರಿಗೆ ಕೊಟ್ಟಿದ್ದವು, ಸಾಲ ಮಾಡಿ ಕೊಂಡವು, ಶಾಲೆಯ ಮಾಸ್ತರರವು. ಬಿಚ್ಚಿದರೆ ಒಳಗೆ ಕೆಂಪು ರಾಡಿ ಆರಿ ಹೆಂಟೆಯಾಗಿ ಕೂತಿರುತ್ತಿತ್ತು.

ತಂದವರೆಲ್ಲ ಹೇಳುತ್ತಿದ್ದ ಮಾತು ಒಂದೇ: “ಚಾಲೂ ಆಗತೈತ್ರಿ, ಕೀಬೋರ್ಡ್ ಅಷ್ಟ ಬರವಲ್ದು.” ಅಷ್ಟಕ್ಕೇ ಭಯವಾಗುತ್ತಿತ್ತು ನನಗೆ. ಹಸಿ ಇರುವಾಗಲೇ ಚಾಲೂ ಮಾಡಿ ನೋಡಿದ್ದಾರೆ ಎಂದು ಅದರ ಅರ್ಥ. ನೀರು ತಾನಾಗಿ ಸುಡುವುದಿಲ್ಲ. ನೀರಿದ್ದಾಗ ಹರಿದ ವಿದ್ಯುತ್ತು ತಾಮ್ರವನ್ನು ತಿನ್ನುತ್ತದೆ. ಕೈ ಹಿಡಿದು ಹೇಳುತ್ತಿದ್ದೆ: “ದಯಮಾಡಿ ಮನ್ಯಾಗ ಮತ್ತ ಹಚ್ಚಿ ನೋಡಬ್ಯಾಡ್ರಿ.” ಆ ದಿನಗಳಲ್ಲಿ ಕೀಬೋರ್ಡು, ಟಚ್‌ಪ್ಯಾಡು ಉಳಿಸುವ ಯೋಚನೆಯನ್ನೇ ಬಿಟ್ಟೆ. ಮೊದಲು ಬ್ಯಾಟರಿ ತೆಗೆ, ಆಮೇಲೆ ಹಾರ್ಡ್‌ಡಿಸ್ಕ್ ತೆಗೆ, ಅದರೊಳಗಿನದು ಉಳಿಸು. ತುಬಚಿ ಕಡೆಯ ಒಬ್ಬ ಮಾಸ್ತರರ ಮನೆಗೋಡೆ ಬಿದ್ದುಹೋಗಿತ್ತು, ಆಲ್ಬಮ್ಮುಗಳು ಕರಗಿ ಮುದ್ದೆಯಾಗಿದ್ದವು. ಅವರ ತೀರಿಹೋದ ತಾಯಿಯ ಫೋಟೊ ಇದ್ದದ್ದು ಆ ಡಿಸ್ಕಿನಲ್ಲೊಂದೇ. ಬೇರೆ ಕಂಪ್ಯೂಟರಿಗೆ ಹಚ್ಚಿ ತೆರೆದಾಗ ಫೋಲ್ಡರ್ ಪೂರ್ತಿ ಸಿಕ್ಕಿತು. ಅವತ್ತು ಅವರ ಕಡೆಯಿಂದ ದುಡ್ಡು ತಗೊಳ್ಳಲಿಲ್ಲ. ಆ ತಿಂಗಳು ನೆರೆಯ ಊರಿನ ಯಾರ ಕಡೆಯಿಂದಲೂ ತಗೊಳ್ಳುವ ಮನಸ್ಸಾಗಲಿಲ್ಲ.

ಆ ಪೆಟ್ಟಿನಿಂದ ಏಳುವಷ್ಟರಲ್ಲಿ 2020ರ ಮಾರ್ಚ್ ಬಂತು. ಲಾಕ್‌ಡೌನ್. ಬನಹಟ್ಟಿಯ ಮಗ್ಗಗಳೆಲ್ಲ ನಿಂತವು. ಬೆಂಗಳೂರು, ಪುಣೆಯಲ್ಲಿದ್ದ ಹುಡುಗರು ಆಫೀಸಿನ ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಊರಿಗೆ ಬಂದರು. ನನ್ನ ಅಂಗಡಿಯ ಬಾಗಿಲು ಹಾಕಿತ್ತು, ಫೋನು ಮಾತ್ರ ನಿಲ್ಲಲೇ ಇಲ್ಲ. ಕಣ್ಣಿಗೆ ಕಾಣದ ಯಂತ್ರವನ್ನು ಕಿವಿಯಿಂದ ರಿಪೇರಿ ಮಾಡಬೇಕಾದ ಕಾಲ ಅದು. ಹಾಗಾಗಿ ನನ್ನ ಪ್ರಶ್ನೆಗಳು ಒಂದು ವರಸೆಗೆ ಬಂದವು.

“ಶಟ್‌ಡೌನ್ ಬ್ಯಾಡ, ರೀಸ್ಟಾರ್ಟ್ ಕೊಡ್ರಿ” ಎಂದು ಶುರು. ವಿಂಡೋಸ್ 8ರಿಂದ ಈಚೆಗೆ ಶಟ್‌ಡೌನ್ ಅಂದರೆ ಪೂರ್ತಿ ಮಲಗುವುದಲ್ಲ, ಬೇಗ ಏಳಲೆಂದು ಒಂದಷ್ಟನ್ನು ಹಾಗೇ ಉಳಿಸಿಕೊಂಡಿರುತ್ತದೆ. ಅದಕ್ಕೂ ಬಗ್ಗದಿದ್ದರೆ: ಬಂದ್ ಮಾಡಿ ಚಾರ್ಜರ್ ಕೀಳಿರಿ, ಬ್ಯಾಟರಿ ತೆಗೆಯಲು ಬರುವಂತಿದ್ದರೆ ತೆಗೆಯಿರಿ, ಪವರ್ ಬಟನ್ ಒತ್ತಿ ಹಿಡಿದು ಮೂವತ್ತು ಎಣಿಸಿರಿ. ಕೀಬೋರ್ಡಿನ ಮಾತು ಕೇಳುವ ಪುಟ್ಟ ಚಿಪ್ ಒಂದು ಒಳಗಿರುತ್ತದೆ. ಲ್ಯಾಪ್‌ಟಾಪ್ ಬಂದ್ ಇದ್ದಾಗಲೂ ಅದಕ್ಕೆ ಜೀವ ಇರುತ್ತದೆ. ಅದು ಎಲ್ಲೋ ಸಿಕ್ಕಿಕೊಂಡಿದ್ದರೆ ವಿಂಡೋಸನ್ನು ಎಷ್ಟು ಸಲ ಎಬ್ಬಿಸಿದರೂ ಬಿಡಿಸಲಾಗದು, ಅದರ ವಿದ್ಯುತ್ತನ್ನೇ ಕಡಿಯಬೇಕು. ಕೆಲವು ಲ್ಯಾಪ್‌ಟಾಪುಗಳ ತಳದಲ್ಲಿ ಇದಕ್ಕೆಂದೇ ಸೂಜಿಯ ಮೊನೆ ಹೋಗುವಷ್ಟು ತೂತು ಇರುತ್ತದೆ. ಎಷ್ಟೋ ಮಂದಿಯ ತೊಂದರೆ ಇಲ್ಲಿಗೇ ಮುಗಿಯಿತು. ಮುಗಿಯದಿದ್ದವರಿಗೆ: ಚಾಲೂ ಮಾಡಿದ ಕೂಡಲೇ ಎಫ್2 ಒತ್ತುತ್ತಾ ಇರಿ, ಕೆಲವದರಲ್ಲಿ ಡಿಲೀಟ್. ನೀಲಿಯೋ ಕರಿಯೋ ಒಂದು ಪರದೆ ಬಂತೇ? ಅಲ್ಲಿ ಬಾಣದ ಕೀ ಒತ್ತಿದರೆ ಸಾಲು ಸರಿಯುತ್ತದೆಯೇ? ಸರಿದರೆ ಕೀಬೋರ್ಡ್ ಗಟ್ಟಿಮುಟ್ಟಾಗಿದೆ, ತಪ್ಪು ವಿಂಡೋಸಿನ ಡ್ರೈವರಿನಲ್ಲಿ. ಆ ಪರದೆಯೇ ಬರದಿದ್ದರೆ, ಬಂದರೂ ಸರಿಯದಿದ್ದರೆ, ಬಿಚ್ಚದೆ ವಿಧಿಯಿಲ್ಲ.

ಬನಹಟ್ಟಿಯ ಒಂದು ಆನ್‌ಲೈನ್ ಸೆಂಟರ್ ನಡೆಸುತ್ತಿದ್ದ ಹೆಣ್ಣುಮಗಳದು ಬಿಚ್ಚದೆ ವಿಧಿಯಿಲ್ಲದ ಕೇಸು. ಅದೇ ಹೊತ್ತಿಗೆ ಕೈಮಗ್ಗದ ನೇಕಾರರಿಗೆ ವರ್ಷಕ್ಕೆ 2,000 ರೂಪಾಯಿ ಕೊಡುವ ‘ನೇಕಾರ ಸಮ್ಮಾನ್’ ಯೋಜನೆ ಬಂದಿತ್ತು. ಅರ್ಜಿ ಎಲ್ಲ ಸೇವಾ ಸಿಂಧುವಿನಲ್ಲಿ ತುಂಬಬೇಕು. ಹೊರಗೆ ಅಂತರ ಬಿಟ್ಟು ಗೆರೆ ಹಾಕಿದಲ್ಲಿ ಮಂದಿ ನಿಂತಿದ್ದಾರೆ, ಒಳಗೆ ಕೀಬೋರ್ಡೂ ಟಚ್‌ಪ್ಯಾಡೂ ಇಲ್ಲ. ಹೊಸ ಕೀಬೋರ್ಡು ಹುಬ್ಬಳ್ಳಿಯಿಂದ ಬರಬೇಕು, ಪಾರ್ಸೆಲ್ ಬಂದ್. ಅವಳ ಕಡೆ ಒಂದು ಹಳೆಯ ಯುಎಸ್‌ಬಿ ಮೌಸ್ ಇತ್ತು.

“ಅಕ್ಕಾ, ಮೌಸ್ ಹಚ್ಚು. ಪಾಸ್‌ವರ್ಡ್ ಕೇಳೂ ಪರದೆದಾಗ ಬಲಗಡೆ ಕೆಳಗ ಒಂದು ಗುರುತು ಐತಲ್ಲ, ಅದರ ಮ್ಯಾಲ ಒತ್ತು. ಆನ್-ಸ್ಕ್ರೀನ್ ಕೀಬೋರ್ಡ್ ಅಂತ ಬರತೈತಿ.”

ಪರದೆಯ ಮೇಲೆ ಚಿತ್ರದ ಕೀಬೋರ್ಡ್ ಮೂಡಿತು. ಮೌಸಿನಿಂದ ಒಂದೊಂದು ಅಕ್ಷರಕ್ಕೂ ಗುರಿ ಇಟ್ಟು ಒತ್ತುತ್ತಾ ಅವಳು ಅರ್ಜಿ ತುಂಬಿದಳು: ಹೆಸರು, ಆಧಾರ್ ನಂಬರು, ಬ್ಯಾಂಕ್ ಖಾತೆ. ಒಂದು ಅಂಕಿ ತಪ್ಪಿದರೆ ಯಾರದೋ 2,000 ಇನ್ನೆಲ್ಲಿಗೋ ಹೋಗುತ್ತದೆ ಎಂದು, ತುಂಬಿದ ಪ್ರತಿಯೊಂದನ್ನೂ ನೇಕಾರರಿಗೆ ಓದಿ ಹೇಳಿ ಆಮೇಲೆ ಕಳಿಸುತ್ತಿದ್ದಳಂತೆ. ಪಾರ್ಸೆಲ್ ಶುರುವಾಗಿ ಕೀಬೋರ್ಡ್ ಬರುವವರೆಗೂ ಹೀಗೇ ನಡೆಸಿದಳು. ನಾನು ಕಂಡ ರಿಪೇರಿಗಳಲ್ಲಿ ಇದಕ್ಕಿಂತ ದೊಡ್ಡದು ಇಲ್ಲ ಎಂದು ನನ್ನ ಭಾವನೆ, ಅದನ್ನು ಮಾಡಿದವಳು ಅವಳು.

ಬೀಳಗಿಯ ಕೇಸು ಅದೇ ವರ್ಷದ ಮೇ ತಿಂಗಳದ್ದು. ಬೀಳಗಿ ತಾಲೂಕಿನಲ್ಲಿ ಆಲಮಟ್ಟಿ ಹಿನ್ನೀರಿಗೆ ಮುಳುಗಿದ ಊರುಗಳ ಮಂದಿ ಪುನರ್ವಸತಿ ಕೇಂದ್ರಗಳಲ್ಲಿ ಇದ್ದಾರೆ. ಅಂಥ ಒಂದರಲ್ಲಿ ಬೆಂಗಳೂರಿನಿಂದ ಬಂದ ಇಂಜಿನಿಯರ್ ಹುಡುಗ, ತಗಡಿನ ಮಾಡಿನ ಕೋಣೆಯಲ್ಲಿ ಕೂತು ಆಫೀಸಿನ ಕೆಲಸ ಮಾಡುತ್ತಿದ್ದ. ಮೊದಲು ಟಚ್‌ಪ್ಯಾಡ್ ಒತ್ತಲು ಬರುತ್ತಿಲ್ಲ ಎಂದು ಫೋನು ಮಾಡಿದ. ಎರಡು ದಿನಕ್ಕೆ ಸ್ಪೇಸ್ ಬಾರ್ ಮತ್ತು ಅದರ ಮೇಲಿನ ಸಾಲು ಬಿಗಿಯಾಗಿವೆ ಎಂದ. ಎರಡು ಸಾಮಾನು, ಒಂದೇ ವಾರ. ಅಪ್ಪನ ಮಾತು ನೆನಪಾಗದೆ ಇರಲು ಸಾಧ್ಯವೇ ಇರಲಿಲ್ಲ. ಇವೆರಡರ ಕೆಳಗೆ ಇರುವ ಮೂರನೆಯದು ಯಾವುದು?

“ತಮ್ಮಾ, ಮುಚ್ಚಿ ಸಪಾಟ ಫರಸಿ ಮ್ಯಾಲ ಇಡು. ಒಂದು ಮೂಲಿ ಒತ್ತು. ಅಲಗ್ಯಾಡತೈತೇನು?”

“ಹೌದ್ರಿ ಕಾಕಾ. ಮೊದಲ ಅಲಗ್ಯಾಡತಿರಲಿಲ್ಲ.”

“ಚಾರ್ಜರ್ ಈಗಿಂದೀಗ ಕೀಳು. ಬಂದ್ ಮಾಡು. ಹಾಸಗಿ ಮ್ಯಾಲ ಇಡಬ್ಯಾಡ, ಹೊರಗ ನೆರಳಾಗ ಫರಸಿ ಮ್ಯಾಲ ಇಡು. ಏನರ ಚುಚ್ಚಿ ತಗ್ಯಾಕ ಹೋಗಬ್ಯಾಡ.”

ಈಗಿನ ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಬ್ಯಾಟರಿ ಮಲಗಿರುವುದು ಟಚ್‌ಪ್ಯಾಡಿನ ಕೆಳಗೆ ಮತ್ತು ಸುತ್ತಮುತ್ತ. ಲಿಥಿಯಂ ಬ್ಯಾಟರಿ ಹಳತಾದರೆ, ದಿನವಿಡೀ ಚಾರ್ಜಿಗೆ ಹಚ್ಚಿಟ್ಟರೆ, ಬಿಸಿ ಹೆಚ್ಚಾದರೆ, ಅದರೊಳಗಿನ ರಾಸಾಯನಿಕ ಒಡೆದು ಅನಿಲವಾಗುತ್ತದೆ, ಮೆತ್ತನೆಯ ಚೀಲ ಉಬ್ಬುತ್ತದೆ. ಉಬ್ಬಿದ್ದು ಜಾಗಕ್ಕಾಗಿ ಮೇಲಕ್ಕೆ ಒತ್ತುತ್ತದೆ: ಮೊದಲು ಟಚ್‌ಪ್ಯಾಡಿಗೆ, ಆಮೇಲೆ ಕೀಬೋರ್ಡಿಗೆ. ಚುಚ್ಚಿದರೆ ಬೆಂಕಿ. ಮೇ ತಿಂಗಳು, ಬೀಳಗಿ, ತಗಡಿನ ಮಾಡು; ಆ ಹುಡುಗನ ತಂಗಿ ಅದೇ ಕೋಣೆಯಲ್ಲಿ ಮಲಗುತ್ತಿದ್ದಳು.

ಪಾಸ್ ತೆಗೆಸಿಕೊಂಡು ಮರುದಿನ ಹೋದೆ. ತಳ ಬಿಚ್ಚಿ, ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿ, ಅಂಟನ್ನು ಪ್ಲಾಸ್ಟಿಕ್ ಪಟ್ಟಿಯಿಂದ ನಿಧಾನಕ್ಕೆ ಸಡಿಲಿಸಿದೆ. ಮೂರು ಚೀಲಗಳಲ್ಲಿ ಎರಡು ದಿಂಬಿನಂತೆ ಆಗಿದ್ದವು. ಹೊರಗೆ ತೆಗೆದ ಕೂಡಲೇ ಟಚ್‌ಪ್ಯಾಡ್ ತನ್ನ ಜಾಗಕ್ಕೆ ಕೂತು ಟಕ್ ಅಂತು. ಸ್ಪೇಸ್ ಬಾರ್ ಸಡಿಲಾಯಿತು. ಬ್ಯಾಟರಿ ಇಲ್ಲದೆ ಬರೀ ಚಾರ್ಜರಿನ ಮೇಲೆ ಅದು ನಡೆಯಿತು; ಹುಡುಗ ಮಧ್ಯಾಹ್ನದ ಮೀಟಿಂಗಿಗೆ ಕೂತ. ಅವರವ್ವ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮಜ್ಜಿಗೆ ಕೊಟ್ಟರು, ಕಟ್ಟೆಯ ಮೇಲೆ ದೂರ ಕೂತು ಉಂಡೆ.

ಉಬ್ಬಿದ ಆ ಬ್ಯಾಟರಿಯನ್ನು ಮರಳು ತುಂಬಿದ ತಗಡಿನ ಡಬ್ಬಿಯಲ್ಲಿಟ್ಟು ಜಮಖಂಡಿಗೆ ತಂದೆ. ತಂದೇನೋ ತಂದೆ, ಕೊಡುವುದು ಯಾರಿಗೆ? ಮೋಡಕಾ ಕೊಳ್ಳುವವರಿಗೆ ಕೊಟ್ಟರೆ ಅವರ ಹುಡುಗರು ಸುತ್ತಿಗೆ ಹಾಕಿ ಒಡೆಯುತ್ತಾರೆ. ಊರಿನ ಕಸದ ಗಾಡಿಗೆ ಹಾಕಿದರೆ ಗಾಡಿಯಲ್ಲೇ ಹೊತ್ತಿಕೊಳ್ಳಬಹುದು. 2022ರಲ್ಲಿ ಕೇಂದ್ರ ಸರಕಾರ ಬ್ಯಾಟರಿ ತ್ಯಾಜ್ಯದ ಹೊಸ ನಿಯಮ ಮಾಡಿ, ಬ್ಯಾಟರಿ ತಯಾರಿಸಿದವರೇ ಹಳೆಯದನ್ನು ವಾಪಸ್ ತೆಗೆದುಕೊಳ್ಳುವ ಹೊಣೆ ಹೊರಬೇಕು ಎಂದಿದೆ. ನನ್ನ ಅಂಗಡಿಯ ಹಿಂದೆ ಮರಳಿನ ಡಬ್ಬಿಗಳು ಇನ್ನೂ ಇವೆ. ತುಂಬಿದಾಗ ಹುಬ್ಬಳ್ಳಿಗೆ ಹೋಗುವ ಗಾಡಿಯಲ್ಲಿ ಒಯ್ದು ಕೊಟ್ಟು ಬರುತ್ತೇನೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ಪ್ರತಿಯೊಂದು ಊರಿನಲ್ಲೂ ಅಂಥದೊಂದು ಡಬ್ಬಿ ಇಡಲು ಒಂದು ಜಾಗ ಬೇಕು, ಅದನ್ನು ತಿಂಗಳಿಗೊಮ್ಮೆ ಒಯ್ಯುವ ಒಂದು ಗಾಡಿ ಬೇಕು. ಕೇಳಿದವರಿಗೆಲ್ಲ ನಾನು ಇದನ್ನು ಹೇಳುತ್ತಲೇ ಇದ್ದೇನೆ, ಇಲ್ಲೂ ಹೇಳುತ್ತಿದ್ದೇನೆ.